ಅವ್ವನ ಜೊತೆ ಕೂತು ನೋಡೋಕೆ ಹೊಸ ಸಿನಿಮಾ ಹೇಳಿ

ಗಂಗಾವತಿ ಭತ್ತದಣ್ಣ:
ಭತ್ತದ ಕೊಯ್ಲು ಮುಗೀತು, ಸಂಜೆ ಆದರೆ ಕೈ ಖಾಲಿ. ಕಂತಿನ ಮೇಲೆ 43 ಇಂಚಿನ ಟಿವಿ ತಂದಿದ್ದೇನೆ. ಕಡಿಮೆ ರೇಟು ಅಂತ ಒಂದು ಓಟಿಟಿ ಪ್ಯಾಕ್ ಹಾಕಿಸಿದೆ. ಟಿವಿಯಲ್ಲಿ ಹಾಕಿದರೆ ಓಡಲೇ ಇಲ್ಲ. ಅದು ಬರೀ ಮೊಬೈಲಿನ ಪ್ಯಾಕ್ ಅಂತೆ! "ಇಷ್ಟು ದೊಡ್ಡ ಟಿವಿ ತಂದು ಅಂಗೈಯಷ್ಟು ಫೋನಿನಾಗ ನೋಡಬೇಕೇನು?" ಅಂದಳು ಅವ್ವ.

ಆ ರೊಕ್ಕ ಹೋಗಲಿ ಬಿಡಿ. ನನ್ನ ಕಷ್ಟ ಬೇರೆ. ಮೊನ್ನೆ ತಂಗಿ ಮನೆಯಲ್ಲಿ ‘ಸು ಫ್ರಮ್ ಸೋ’ ನೋಡಿದೆವು. ನಾವು ನಕ್ಕಾಗ ಅವ್ವನೂ ನಗುತ್ತಿದ್ದಳು, ಆಮೇಲೆ ಮೆಲ್ಲಗೆ "ಏನಂದ ಅವ?" ಅಂತ ಕೇಳುತ್ತಿದ್ದಳು. ಕರಾವಳಿ ಕನ್ನಡ ಆಕೆಗೆ ಹಿಡಿಯಲಿಲ್ಲ. ಬೆಂಗಳೂರಿನ ಸೀರೀಸ್ ಹಾಕಿದರೆ ಅರ್ಧ ಇಂಗ್ಲಿಷು, ಹತ್ತೇ ನಿಮಿಷಕ್ಕೆ ನಿದ್ದೆ. ಜೊತೆಗೆ ಪಕ್ಕದ ಕ್ಯಾಂಪಿನ (ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಊರು) ಅಕ್ಕ ಬರುತ್ತಾರೆ, ಅವರಿಗೆ ತೆಲುಗೇ ಬೇಕು. ನಮ್ಮ ಕಡೆ ಮಾತಿನ ಸಿನಿಮಾ ಯಾವುದಾದರೂ ಇದೆಯಾ? ಟಾಕೀಸಿಗೆ ಬಂದದ್ದು ಮನೆಗೆ ಬರೋಕೆ ಎಷ್ಟು ದಿನ ಕಾಯಬೇಕು?

ರಾಯಚೂರು ರಿಮೋಟ್:
ಅಣ್ಣಾ, ಲೆಕ್ಕ ಒಂದೇ ಥರ ಇರಲ್ಲ. ‘ಸು ಫ್ರಮ್ ಸೋ’ 2025ರ ಜುಲೈ 25ಕ್ಕೆ ಟಾಕೀಸಿಗೆ ಬಂತು, ಜಿಯೋಹಾಟ್‌ಸ್ಟಾರಿಗೆ ಸೆಪ್ಟೆಂಬರ್ 9ಕ್ಕೆ. ‘ಕಾಂತಾರ ಚಾಪ್ಟರ್ 1’ ಇನ್ನೂ ಬೇಗ. ಅಕ್ಟೋಬರ್ 2ಕ್ಕೆ ಟಾಕೀಸು, 31ಕ್ಕೇ ಪ್ರೈಮ್ ವಿಡಿಯೋದಲ್ಲಿ. ಹಿಂದಿಯದು ಮಾತ್ರ ತಡ, ಯಾಕಂದ್ರೆ ದೊಡ್ಡ ಮಲ್ಟಿಪ್ಲೆಕ್ಸ್‌ನವರು ಹಿಂದಿ ಸಿನಿಮಾಕ್ಕೆ ಎಂಟು ವಾರ ಕಾಯಿರಿ ಅಂತಾರೆ. ‘ಕಾಂತಾರ’ ಕನ್ನಡದ ಜೊತೆಗೇ ತೆಲುಗಲ್ಲೂ ಬಂತು. ಕ್ಯಾಂಪಿನ ಅಕ್ಕನಿಗೆ ಒಂದಿನ, ಅವ್ವನಿಗೆ ಒಂದಿನ ಹಾಕಿ. ಒಂದೇ ಟಿವಿಯಲ್ಲಿ ಎರಡು ಭಾಷೆ ಒಟ್ಟಿಗೆ ಕೇಳಿಸೋ ರಿಮೋಟು ಇನ್ನೂ ಬಂದಿಲ್ಲ.

ಬಾಡಿಗೆಗೆ ತಗೊಂಡು ನೋಡೋದಾದ್ರೆ ಒಂದು ಮಾತು. ಪ್ರೈಮಿನಲ್ಲಿ ಶುರು ಮಾಡಿದ ಮೇಲೆ ಸಾಮಾನ್ಯವಾಗಿ 48 ಗಂಟೆ ಅಷ್ಟೇ. ಕರೆಂಟ್ ನೋಡಿಕೊಂಡು ಒತ್ತಿ!

ಯಲಬುರ್ಗಾದ ಟೀಚರಮ್ಮ:
ನಮ್ಮ ಕಡೆ ಮಾತು ಬೇಕು ಅಂದ್ರೆ ‘ಶಿವಮ್ಮ’ ನೋಡಿ. ಯರೇಹಂಚಿನಾಳದ ಸಿನಿಮಾ, ನಮ್ಮ ಕೊಪ್ಪಳ ಜಿಲ್ಲೆಯದೇ. ಜೈಶಂಕರ್ ಆರ್ಯರ್ ಮಾಡಿದ್ದು, 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಊರವರೇ ಪಾತ್ರ ಮಾಡಿದ್ದಾರೆ. ಶಾಲೆಯಲ್ಲಿ ಬಿಸಿಯೂಟ ಮಾಡೋ ಹೆಂಗಸು ಚೈನ್ ಬಿಸಿನೆಸ್ಸಿಗೆ ರೊಕ್ಕ ಹಾಕಿ, ಶಕ್ತಿ ಬರುತ್ತೆ ಅನ್ನೋ ಪುಡಿ ಮಾರೋಕೆ ಮನೆ ಮನೆ ತಿರುಗುತ್ತಾಳೆ. ಫೈಟಿಲ್ಲ, ಹಾಡಿನ ಗದ್ದಲ ಇಲ್ಲ. ಸ್ವಲ್ಪ ನಿಧಾನ. ನನಗೆ ಅದೇ ಇಷ್ಟ ಆಯ್ತು. ಸಿನಿಮಾಗಳು ಓಟಿಟಿ ಬದಲಾಯಿಸ್ತಾ ಇರ್ತಾವೆ ತಮ್ಮಾ, ಪ್ಯಾಕಿಗೆ ದುಡ್ಡು ಕಟ್ಟೋ ಮೊದಲು ಹೆಸರು ಹಾಕಿ ಹುಡುಕಿ.

ಗಂಗಾವತಿ ಭತ್ತದಣ್ಣ:
ಟೀಚರಮ್ಮಾರ, ಅವ್ವನಿಗೆ ಕಥೆ ಓದಿ ಹೇಳಿದೆ. ಮಾತಾಡದೆ ಎದ್ದು ಒಳಗೆ ಹೋದಳು. ನಮ್ಮ ಮನೆಗೂ ಒಮ್ಮೆ ಅಂಥ ಪುಡಿಯ ಹನ್ನೆರಡು ಡಬ್ಬಿ ಬಂದಿದ್ದವು. ತಂದದ್ದು ಅವ್ವನೇ. ಎರಡು ಮಾರಾಟ ಆದವು, ಒಂದು ಸೋದರಮಾವ ಸಾಲ ಹೇಳಿ ಒಯ್ದದ್ದು. ಉಳಿದವುಗಳಲ್ಲಿ ಈಗ ಸಾಸಿವೆ, ಜೀರಿಗೆ, ಕಡ್ಲಿಬೇಳೆ ಇವೆ.

ಈಗಷ್ಟೇ ಹೊರಗೆ ಬಂದು, "ಆಕಿಗೆ ರೊಕ್ಕ ತಿರುಗಿ ಬಂತಾ ಕೇಳು" ಅಂದಳು. ಹೇಳಬೇಡಿ, ನೋಡಲಿ. ಇವತ್ತೇ ಹುಡುಕುತ್ತೇನೆ.