ಕಾಫಿ ಬೆಳೆಗಾರರ ಸಮೀಕ್ಷೆ: ಯಾವ ಪ್ರಶ್ನೆಗೆ ಯಾವ ಮಾಪಕ?

ಪ್ರಶ್ನೆ (ಪೊನ್ನಂಪೇಟೆ)
ಕೊಡಗಿನ ಸಣ್ಣ ಕಾಫಿ ಬೆಳೆಗಾರರ ಬಗ್ಗೆ ಪ್ರಶ್ನಾವಳಿ ತಯಾರಾಗುತ್ತಿದೆ. ತಳಿ (ಅರೇಬಿಕಾ 1, ರೊಬಸ್ಟಾ 2, ಎರಡೂ 3), ತೋಟದ ವಿಸ್ತೀರ್ಣ, ವರ್ಷದ ಮಳೆ, ಮಣ್ಣಿನ ಪಿಎಚ್, ಎಲೆ ತುಕ್ಕು ರೋಗದ ತೀವ್ರತೆ (0ರಿಂದ 4), ಸಬ್ಸಿಡಿ ಬಗ್ಗೆ ತೃಪ್ತಿ (1ರಿಂದ 5). ಎಲ್ಲವೂ ಅಂಕಿಗಳೇ ಅಲ್ಲವೇ, ಎಲ್ಲದಕ್ಕೂ ಸರಾಸರಿ ತೆಗೆಯಬಹುದಾ? ವಿಸ್ತೀರ್ಣವನ್ನು ಗುಂಪು ಮಾಡಿ ಕೇಳಿದರೆ ಸಾಕಾ?

ಉತ್ತರ 1 (ಮಡಿಕೇರಿ)
ಸಾಕಾಗಲ್ಲ, ಸರಾಸರಿಯೂ ಎಲ್ಲದಕ್ಕೆ ಸಲ್ಲದು. ನಾಮಿನಲ್ (ಬರೀ ಹೆಸರು), ಆರ್ಡಿನಲ್ (ಏರಿಳಿತದ ಕ್ರಮ ಮಾತ್ರ), ಇಂಟರ್ವಲ್ (ಅಂತರಗಳು ಸಮ, ಆದರೆ ನಿಜವಾದ ಸೊನ್ನೆ ಇಲ್ಲ), ರೇಷಿಯೋ (ಅಂತರಗಳೂ ಸಮ, ನಿಜವಾದ ಸೊನ್ನೆಯೂ ಇದೆ) ಎಂಬ ನಾಲ್ಕು ಬಗೆಯ ಮಾಪಕಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ವಿಂಗಡಿಸಿದ್ದೇ ಈ ಕಾರಣಕ್ಕೆ.

ತಳಿಯ 1, 2, 3 ಬರೀ ಹೆಸರು, ಅಂದರೆ ನಾಮಿನಲ್. ಎಷ್ಟು ತೋಟ, ಶೇಕಡಾ ಎಷ್ಟು ಅಂತ ಎಣಿಸಿ. ಹೋಲಿಕೆಗೆ ಕೈ-ವರ್ಗ (ಚಿ-ಸ್ಕ್ವೇರ್, ಎಣಿಕೆಗಳನ್ನು ಹೋಲಿಸುವ) ಪರೀಕ್ಷೆ.

ತುಕ್ಕಿನ ತೀವ್ರತೆ ಆರ್ಡಿನಲ್. 1ಕ್ಕಿಂತ 2 ಜಾಸ್ತಿ ಅನ್ನುವುದು ಖಚಿತ, ಆದರೆ 1ರಿಂದ 2ಕ್ಕೆ ಇರುವ ಅಂತರವೇ 3ರಿಂದ 4ಕ್ಕೂ ಇದೆ ಅನ್ನಲು ಆಧಾರವಿಲ್ಲ. ಮಧ್ಯಾಂಕ (ಮೀಡಿಯನ್) ಕೊಡಿ. ಎರಡು ತಾಲ್ಲೂಕಿನ ಅರೇಬಿಕಾ ತೋಟಗಳನ್ನು ಹೋಲಿಸಲು ಮಾನ್-ವಿಟ್ನಿ, ಮೂರಾದರೆ ಕ್ರುಸ್ಕಲ್-ವಾಲಿಸ್; ಎರಡೂ ಕ್ರಮಾಂಕ ನೋಡಿ ಹೋಲಿಸುವ ಪರೀಕ್ಷೆಗಳು. ಇನ್ನೂ ಒಳ್ಳೆಯ ದಾರಿ: ಗುರುತು ಹಾಕಿದ ರೆಂಬೆಗಳಲ್ಲಿ ಒಟ್ಟು ಎಲೆ ಎಷ್ಟು, ತುಕ್ಕು ಹಿಡಿದದ್ದು ಎಷ್ಟು ಅಂತ ಎಣಿಸಿದರೆ ಅದು ರೇಷಿಯೋ ಆಗುತ್ತದೆ.

ಮಳೆಗೆ ನಿಜವಾದ ಸೊನ್ನೆ ಇದೆ, ಹಾಗಾಗಿ 120 ಇಂಚು 60 ಇಂಚಿನ ಎರಡರಷ್ಟೇ. ಉಷ್ಣಾಂಶವನ್ನೂ ಸೇರಿಸುವುದಾದರೆ, 30 ಡಿಗ್ರಿ ಸೆಲ್ಸಿಯಸ್ 15ರ ಎರಡು ಪಟ್ಟು ಬಿಸಿ ಅಂತ ಬರೆಯಬೇಡಿ, ಅದು ಇಂಟರ್ವಲ್. ಪಿಎಚ್ ಅಂತೂ ಲಾಗರಿದಮ್ ಲೆಕ್ಕ: 6ಕ್ಕಿಂತ 5ರಲ್ಲಿ ಹೈಡ್ರೋಜನ್ ಅಯಾನಿನ ಪ್ರಮಾಣ ಹತ್ತು ಪಟ್ಟು.

ಉತ್ತರ 2 (ಸೋಮವಾರಪೇಟೆ)
ವಿಸ್ತೀರ್ಣ ನೇರವಾಗಿ ಕೇಳಿ. ಕಾಫಿ ಮಂಡಳಿಯ ಲೆಕ್ಕದಲ್ಲಿ ಸಣ್ಣ ಬೆಳೆಗಾರ ಅಂದರೆ 10 ಹೆಕ್ಟೇರ್‌ವರೆಗೆ, ಸುಮಾರು 24.7 ಎಕರೆ. ನೀವು "20ರಿಂದ 30 ಎಕರೆ" ಅಂತ ಗುಂಪು ಮಾಡಿಬಿಟ್ಟರೆ ಆ ಗೆರೆ ಎಲ್ಲಿ ಅಂತ ಮತ್ತೆ ಹುಡುಕಲು ಆಗುವುದೇ ಇಲ್ಲ. ರೇಷಿಯೋವನ್ನು ಯಾವಾಗ ಬೇಕಾದರೂ ಗುಂಪು ಮಾಡಬಹುದು. ಗುಂಪನ್ನು ಬಿಡಿಸಿ ಎಕರೆ ತೆಗೆಯಲಾಗದು.

ಎಕರೆಗೆ ಒಂದು ಕಾಲಂ, ಸೆಂಟಿಗೆ (ಎಕರೆಯ ನೂರನೇ ಒಂದು ಭಾಗ) ಇನ್ನೊಂದು ಕಾಲಂ ಇಡಿ. "2 ಎಕರೆ 5 ಸೆಂಟು" ಅನ್ನುವುದನ್ನು 2.5 ಅಂತ ಟೈಪ್ ಮಾಡುವುದೇ ಇಲ್ಲಿ ಅತಿ ಹೆಚ್ಚು ಕಾಡುವ ತಪ್ಪು, ಅದು 2.05. ಗುಂಟೆಯಲ್ಲಿ ಹೇಳುವವರೂ ಇರುತ್ತಾರೆ: 40 ಗುಂಟೆಗೆ ಒಂದು ಎಕರೆ, ಆದ್ದರಿಂದ 2 ಎಕರೆ 20 ಗುಂಟೆ ಅಂದರೆ 2.5.

ಪ್ರಶ್ನೆ ಕೇಳಿದವರು
ಧನ್ಯವಾದ. ತೃಪ್ತಿಯ ಪ್ರಶ್ನೆಗಳು ಎಂಟಿವೆ. ಅವನ್ನು ಕೂಡಿಸಬಹುದಾ?

ಉತ್ತರ 1 (ಮಡಿಕೇರಿ)
ಒಂದೊಂದೇ ಪ್ರಶ್ನೆ ಆರ್ಡಿನಲ್. ಎಂಟೂ ಒಂದೇ ವಿಷಯವನ್ನು ಅಳೆಯುತ್ತಿದ್ದರೆ ಮೊತ್ತವನ್ನು ಇಂಟರ್ವಲ್‌ನಂತೆ ಬಳಸುವುದು ರೂಢಿ. ವಾದ ಇದ್ದೇ ಇದೆ, ಆದರೂ ಒಪ್ಪುತ್ತಾರೆ. ಮೊದಲು "ಸಬ್ಸಿಡಿ ಸಿಗಲು ತುಂಬಾ ಅಲೆದಾಟ" ಥರದ ಋಣಾತ್ಮಕ ವಾಕ್ಯಗಳ ಅಂಕ ತಿರುಗಿಸಿ, 6ರಲ್ಲಿ ಕಳೆದರಾಯಿತು. ಆಮೇಲೆ ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ) ನೋಡಿ. ತಿರುಗಿಸದೆ ನೋಡಿದರೆ ಆಲ್ಫಾ ಕುಸಿಯುತ್ತದೆ, ಪ್ರಶ್ನೆಗಳೇ ಸರಿಯಿಲ್ಲ ಅಂತ ತಪ್ಪು ತಿಳಿಯುತ್ತೀರಿ.

"ಗೊತ್ತಿಲ್ಲ" ಅನ್ನುವುದನ್ನು 3 ಅಂತ ಬರೆಯಬೇಡಿ, ಅದು ಅಭಿಪ್ರಾಯವೇ ಅಲ್ಲ. 99 ಅಂತ ಹಾಕಿದರೆ ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶ ತಂತ್ರಾಂಶದಲ್ಲಿ ಮಿಸ್ಸಿಂಗ್ (ಉತ್ತರವಿಲ್ಲ) ಎಂದು ಗುರುತಿಸಿ, ಇಲ್ಲವಾದರೆ ಅದೂ ಮೊತ್ತಕ್ಕೆ ಸೇರಿಕೊಳ್ಳುತ್ತದೆ. ಅದೇ ಕಡೆ ಮಾಪಕದ ಬಗೆ ತೋರಿಸುವ ಮೆಷರ್ ಕಾಲಂ ಸರಿಪಡಿಸಿ. ಅಲ್ಲಿ ಇಂಟರ್ವಲ್, ರೇಷಿಯೋ ಎರಡಕ್ಕೂ "ಸ್ಕೇಲ್" ಅಂತ ಒಂದೇ ಆಯ್ಕೆ.