ಗಂಡ ಗಲ್ಫ್‌ನಲ್ಲಿ, ಕ್ಲಿನಿಕ್‌ನವರು ಅವರ ಸಹಿ ಕೇಳುತ್ತಿದ್ದಾರೆ. ಏನು ಮಾಡಲಿ?

ಸುರತ್ಕಲ್ ಅಮ್ಮ:
ಮಗನಿಗೆ 10 ತಿಂಗಳು, ಸಿಸೇರಿಯನ್ ಆದದ್ದು. ಮನೆಯವರು ರಜೆ ಮುಗಿಸಿ ದುಬೈಗೆ ಹೋದ ಮೇಲೆ ಗೊತ್ತಾಯಿತು, ನನಗೆ ಮತ್ತೆ ನಿಂತಿದೆ ಅಂತ. ಈಗ 8 ವಾರ. ಇಬ್ಬರೂ ಫೋನಿನಲ್ಲಿ ಮಾತಾಡಿ ಸದ್ಯಕ್ಕೆ ಬೇಡ, ಗರ್ಭ ತೆಗೆಸುವುದು ಅಂತ ತೀರ್ಮಾನ ಮಾಡಿದೆವು. ಆದರೆ ಇಲ್ಲಿನ ಒಂದು ಪ್ರೈವೇಟ್ ಕ್ಲಿನಿಕ್‌ನಲ್ಲಿ ಗಂಡನ ಸಹಿ ಬೇಕೇ ಬೇಕು, ಅವರಿಲ್ಲದಿದ್ದರೆ ಅತ್ತೆಯನ್ನಾದರೂ ಕರೆದುಕೊಂಡು ಬನ್ನಿ ಅಂದರು. ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ. ಮೆಡಿಕಲ್‌ನಿಂದ ಮಾತ್ರೆ ತಂದು ಮನೆಯಲ್ಲೇ ತಗೊಳ್ಳಬಹುದಾ?

ನರ್ಸ್ ಅಕ್ಕ:
ಬೇಡ ತಂಗಿ, ಮಾತ್ರೆಯನ್ನು ಹಾಗೆ ಸುಮ್ನೆ ತರಬೇಡಿ. 9 ವಾರದ ಒಳಗೆ ಮಾತ್ರೆಯಲ್ಲೇ ಮಾಡಲು ಅವಕಾಶ ಉಂಟು, ಆದರೆ ಡಾಕ್ಟರ್ ನೋಡಿಯೇ ಕೊಡಬೇಕು. ಗರ್ಭ ಟ್ಯೂಬ್‌ನಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಟ್ಯೂಬ್ ಒಡೆದರೆ ಜೀವಕ್ಕೇ ಅಪಾಯ. ಸಿಸೇರಿಯನ್ ಆದದ್ದನ್ನೂ ಡಾಕ್ಟರಿಗೆ ಹೇಳಿ. ಮನೆಯಲ್ಲೇ ಮಾತ್ರೆ ನುಂಗಿ, ರಕ್ತ ನಿಲ್ಲದೆ ಮಧ್ಯರಾತ್ರಿ ರಿಕ್ಷಾದಲ್ಲಿ ಬಂದವರನ್ನು ನಾನು ನೋಡಿದ್ದೇನೆ.

ಇನ್ನು ಸಹಿ. 18 ತುಂಬಿದವರಿಗೆ ಅವರ ಸಹಿ ಒಂದೇ ಸಾಕು, ಗಂಡನದ್ದೂ ಬೇಡ, ಅತ್ತೆಯದ್ದೂ ಬೇಡ. 1971ರ ಎಂಟಿಪಿ ಕಾಯ್ದೆಯಲ್ಲೇ, ಅಂದರೆ ಗರ್ಭಪಾತದ ಕಾನೂನಿನಲ್ಲೇ, ಹಾಗೆ ಉಂಟು, ನೀವು ಸಹಿ ಹಾಕುವ ಕಾಗದಕ್ಕೆ ಫಾರ್ಮ್ ಸಿ ಅಂತಾರೆ. 20 ವಾರದವರೆಗೆ ಒಬ್ಬ ಡಾಕ್ಟರ್ ಒಪ್ಪಿದರೆ ಆಯಿತು. ನಿಮ್ಮ ಹೆಸರನ್ನು ಅವರು ಹೊರಗೆ ಹೇಳುವ ಹಾಗಿಲ್ಲ, ಹೇಳಿದರೆ 1 ವರ್ಷದವರೆಗೆ ಜೈಲು. ಮಂಗಳೂರಿನ ಲೇಡಿಗೋಷನ್‌ಗೆ ಹೋಗಿ ಕೇಳಿ, ಅದು ಸರಕಾರಿ ಹೆಂಗಸರ ಆಸ್ಪತ್ರೆ. ಪ್ರೈವೇಟ್ ಆದರೆ ಗರ್ಭಪಾತ ಮಾಡುವ ಅನುಮತಿಯ ಸರ್ಟಿಫಿಕೇಟ್ ಕಾಣುವ ಹಾಗೆ ಹಾಕಿರಬೇಕು, ಅದನ್ನು ನೋಡಿ.

ಉಡುಪಿಯವಳು:
ನನಗೂ ಹೀಗೇ ಆಗಿತ್ತು. ಗಂಡ ಬರಲಿ, ನಾಳೆ ಬನ್ನಿ, ಸೋಮವಾರ ಬನ್ನಿ ಅಂತ ಎರಡು ವಾರ ತಿರುಗಿಸಿದರು, ಅಷ್ಟರಲ್ಲಿ ಮಾತ್ರೆಯ ಸಮಯ ದಾಟಿ ಹೋಗಿ ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿಸಬೇಕಾಯಿತು. ಈಗಲೂ ನೆನಪಾದರೆ ಸಿಟ್ಟು ಬರುತ್ತದೆ. ನನ್ನ ಮೈ, ನನ್ನ ಸಹಿ, ಅದಕ್ಕೆ ಬೆಲೆ ಇಲ್ವಾ? ಇನ್ನೊಂದು, ವಾರದ ಲೆಕ್ಕ ಹಿಡಿಯುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ನಿಮ್ಮ 8 ವಾರ ಹಾಗೆ ಎಣಿಸಿದ್ದೇ ಅಲ್ವಾ? ಇಲ್ಲದಿದ್ದರೆ ನಾಳೆಯೇ ಹೋಗಿ.

ಕೊಟ್ಟಾರ:
ಮದುವೆ ಆಗದವರನ್ನು ಕೇಳುವುದೇ ಬೇಡ, ಒಳಗೇ ಬಿಡುವುದಿಲ್ಲ. ಅವರಿಗೆ ಕಾನೂನೇ ಬೇರೆಯಾ?

ನರ್ಸ್ ಅಕ್ಕ:
ಬೇರೆ ಅಲ್ಲ. 2021ರ ತಿದ್ದುಪಡಿಯಲ್ಲಿ ಗಂಡ ಅನ್ನುವ ಕಡೆ ಸಂಗಾತಿ ಅಂತ ಬಂತು. 20ರಿಂದ 24 ವಾರದ ಅವಕಾಶ ಕೆಲವರಿಗೆ ಮಾತ್ರ, ಅದರಿಂದ ಮದುವೆ ಆಗದವರನ್ನು ಹೊರಗಿಡುವ ಹಾಗಿಲ್ಲ ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 18 ತುಂಬದವರಿಗೆ ಪೋಷಕರ ಸಹಿ ಬೇಕು.

ಸುರತ್ಕಲ್ ಅಮ್ಮ:
ಮುಟ್ಟಿನಿಂದಲೇ ಎಣಿಸಿದ್ದು, 8 ವಾರ 2 ದಿನ. ನಾಳೆ ಬೆಳಿಗ್ಗೆ ಲೇಡಿಗೋಷನ್‌ಗೆ ಹೋಗುತ್ತೇನೆ. ಮಗನನ್ನು ಅಕ್ಕನ ಮನೆಯಲ್ಲಿ ಬಿಡುತ್ತೇನೆ, ಅವಳಿಗೆ ಈಗಷ್ಟೇ ಹೇಳಿದೆ. ಜೊತೆಗೆ ಬರ್ತೇನೆ ಅಂದಳು, ಮಗುವನ್ನು ಭಾವ ನೋಡಿಕೊಳ್ತಾರಂತೆ.