ಕನೆಕ್ಷನ್ ತಪ್ಪಿದರೆ, ಟಿಕೆಟ್ ಬದಲಾದರೆ: ಟಿಕೆಟಿಂಗ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಟಿಕೆಟಿಂಗ್ ಮತ್ತು ಕ್ಲೇಮ್ ಕೆಲಸ ಬಲ್ಲ ಮೇಡಂ ಇವತ್ತು ಉತ್ತರ ಕೊಡ್ತಾರೆ. ಪ್ರಶ್ನೆಯಲ್ಲಿ ಮೂರು ವಿಷಯ ಇರಲೇಬೇಕು: ಎಲ್ಲಿಂದ ಎಲ್ಲಿಗೆ, ಒಂದೇ ಬುಕಿಂಗಾ ಎರಡಾ, ವಿಮಾನ ಹಾರಿಸಿದ ಏರ್‌ಲೈನ್ ಯಾವ ದೇಶದ್ದು. ಪಿಎನ್‌ಆರ್ (ಬುಕಿಂಗ್ ಕೋಡ್) ಮತ್ತು ಬೋರ್ಡಿಂಗ್ ಪಾಸ್ ಫೋಟೊ ಹಾಕಬೇಡಿ. ಪಿಎನ್‌ಆರ್ ಜೊತೆಗೆ ಕೊನೆಯ ಹೆಸರು ಸಿಕ್ಕಿದರೆ ಯಾರು ಬೇಕಾದರೂ ನಿಮ್ಮ ಬುಕಿಂಗ್ ತೆರೆಯಬಹುದು.

ಕಿಟಕಿ ಸೀಟು: ನಮಸ್ಕಾರ ಮೇಡಂ. ಫ್ರಾಂಕ್‌ಫರ್ಟ್‌ನಿಂದ ಗಲ್ಫ್ ಮೂಲಕ ಸಿಂಗಪುರ. ಒಂದೇ ಬುಕಿಂಗ್, ಎರಡೂ ವಿಮಾನ ಗಲ್ಫ್‌ನ ಒಂದೇ ಏರ್‌ಲೈನಿನವು. ಮೊದಲನೇದು 55 ನಿಮಿಷ ತಡವಾಗಿ ಇಳಿಯಿತು, ಅಷ್ಟರಲ್ಲಿ ಎರಡನೇದರ ಗೇಟ್ ಮುಚ್ಚಿತ್ತು. ಮುಂದಿನ ವಿಮಾನಕ್ಕೆ ಹಾಕಿಕೊಟ್ಟರು. ಸಿಂಗಪುರಕ್ಕೆ ಬೆಳಗ್ಗೆ 8:40ಕ್ಕೆ ಮುಟ್ಟಬೇಕಿತ್ತು, ಇಳಿದಿದ್ದು 12:31ಕ್ಕೆ. ಪರಿಹಾರ ಕೇಳಿದರೆ ಹೀಗೆ ಬರೆದಿದ್ದಾರೆ: ನಮ್ಮ ವಿಮಾನ ಒಂದು ಗಂಟೆಯೂ ತಡವಾಗಿಲ್ಲ, ಕನೆಕ್ಷನ್ ತಪ್ಪಿದ್ದು ಯೂರೋಪಿನ ಹೊರಗೆ, ನಮ್ಮದು ಯೂರೋಪಿನ ಏರ್‌ಲೈನ್ ಅಲ್ಲ. ಸೌಜನ್ಯಕ್ಕೆ 100 ಯೂರೋ ವೋಚರ್ ಕೊಡ್ತಾರಂತೆ. ತಗೊಳ್ಳಲಾ?

ಟಿಕೆಟಿಂಗ್ ಮೇಡಂ: ವೋಚರ್ ಒಪ್ಪಬೇಡಿ. ಅದನ್ನು ಪಡೆಯುವ ಪುಟದಲ್ಲಿ ಸಾಮಾನ್ಯವಾಗಿ "ಇದರೊಂದಿಗೆ ಎಲ್ಲ ಬೇಡಿಕೆ ಇತ್ಯರ್ಥ" ಅನ್ನೋ ಸಾಲು ಇರುತ್ತೆ. ಯೂರೋಪಿನ 261/2004 ನಿಯಮದ ಪ್ರಕಾರ ಪರಿಹಾರ ಹಣದಲ್ಲೇ ಕೊಡಬೇಕು, ವೋಚರ್ ಕೊಡೋದಾದರೆ ಪ್ರಯಾಣಿಕ ಸಹಿ ಹಾಕಿ ಒಪ್ಪಿರಬೇಕು.

ಅವರು ಕೊಟ್ಟ ಮೂರು ನೆಪಗಳಲ್ಲಿ ಒಂದೂ ನಿಲ್ಲಲ್ಲ. ಕೊನೆಯದು ಮೊದಲು: ಯೂರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಡುವಾಗ ಏರ್‌ಲೈನ್ ಯಾವ ದೇಶದ್ದಾದರೂ ಈ ನಿಯಮ ಅನ್ವಯ. ಹೊರಗಿನಿಂದ ಅಲ್ಲಿಗೆ ಹೋಗುವಾಗ ಮಾತ್ರ ವಿಮಾನ ಹಾರಿಸುವವರು ಅಲ್ಲಿನ ಏರ್‌ಲೈನ್ ಆಗಿರಬೇಕು. ಎರಡನೇದು, ಕನೆಕ್ಷನ್ ತಪ್ಪಿದ ಜಾಗ. ಬರ್ಲಿನ್‌ನಿಂದ ಕಾಸಾಬ್ಲಾಂಕಾ ಮೂಲಕ ಅಗಾದಿರ್‌ಗೆ ಹೋಗುವ ಪ್ರಕರಣದಲ್ಲಿ 2018ರಲ್ಲೇ ಯೂರೋಪಿನ ನ್ಯಾಯಾಲಯ ಹೇಳಿಯಾಗಿದೆ: ಒಂದೇ ಬುಕಿಂಗ್ ಇದ್ದರೆ ಇಡೀ ಪ್ರಯಾಣ ಒಂದೇ ಘಟಕ, ನಡುವೆ ವಿಮಾನ ಬದಲಿಸಿದ್ದು ಮೊರೊಕ್ಕೋದಲ್ಲಾದರೂ ಅಷ್ಟೇ. ಇನ್ನು 55 ನಿಮಿಷದ ಮಾತು. 2013ರ ತೀರ್ಪಿನಂತೆ ತಡವನ್ನು ಅಳೆಯೋದು ಕೊನೆಯ ಊರಿನಲ್ಲಿ. ಮೊದಲ ವಿಮಾನ 20 ನಿಮಿಷ ತಡವಾಗಿದ್ದರೂ ಕೊನೆಯ ಊರಿಗೆ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ಮುಟ್ಟಿದರೆ ಲೆಕ್ಕಕ್ಕೆ ಬರುತ್ತೆ. ದೂರವನ್ನೂ ಫ್ರಾಂಕ್‌ಫರ್ಟ್‌ನಿಂದ ಸಿಂಗಪುರಕ್ಕೆ ನೇರ ಗೆರೆಯಲ್ಲಿ ಹಿಡೀತಾರೆ. 3500 ಕಿ.ಮೀ. ದಾಟಿದೆ, ಹಾಗಾಗಿ 600 ಯೂರೋ ವರ್ಗ.

ಆದರೆ ನಿಮ್ಮ ಕೇಸಲ್ಲಿ ಒಂದು ತೊಡಕಿದೆ. ಈ ವರ್ಗದಲ್ಲಿ ತಡ 3ರಿಂದ 4 ಗಂಟೆ ಒಳಗಿದ್ದರೆ ಏರ್‌ಲೈನ್ ಅರ್ಧಕ್ಕೆ ಇಳಿಸಬಹುದು, ಅಂದರೆ 300. ನೀವು ಹೇಳಿದ 12:31 ಚಕ್ರ ನೆಲ ಮುಟ್ಟಿದ ಹೊತ್ತು ಅನ್ಸುತ್ತೆ. ಲೆಕ್ಕಕ್ಕೆ ಬರೋದು ಅದಲ್ಲ. 2014ರ ತೀರ್ಪಿನಲ್ಲಿ ಸ್ಪಷ್ಟ: ಒಂದಾದರೂ ಬಾಗಿಲು ತೆರೆದು, ಪ್ರಯಾಣಿಕರು ಇಳಿಯಬಹುದು ಅನ್ನೋ ಕ್ಷಣವೇ ಆಗಮನದ ಸಮಯ. ನಿಮ್ಮ ಗಡಿ 12:40. ಬಾಗಿಲು ತೆರೆದಿದ್ದು ಎಷ್ಟು ಗಂಟೆಗೆ? ಫೋಟೊ, ವಿಡಿಯೋ, ಮನೆಗೆ ಕಳಿಸಿದ ಮೆಸೇಜ್, ಏನಾದರೂ ಇದೆಯಾ ಹುಡುಕಿ.

ಹ್ಯಾಂಡ್ ಲಗೇಜ್: ಟಿಕೆಟ್‌ನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದೆ. ಕ್ಯಾನ್ಸಲ್ ಮಾಡಿ ಹೊಸದು ಮಾಡಬೇಕಾ?

ಟಿಕೆಟಿಂಗ್ ಮೇಡಂ: ಬೇಡ. ಟಿಕೆಟ್ ಕೊಟ್ಟವರನ್ನು ಇವತ್ತೇ ಕೇಳಿ. ಅಕ್ಷರ ತಿದ್ದೋದು ಬೇರೆ, ಆಳನ್ನೇ ಬದಲಿಸೋದು ಬೇರೆ. ಮೊದಲನೇದು ಸಾಮಾನ್ಯವಾಗಿ ಆಗುತ್ತೆ.

ಅರ್ಧ ಟಿಕೆಟ್: ಮಗುವಿಗೆ ಹೋಗುವಾಗ ಇನ್ನೂ ಎರಡು ವರ್ಷ ತುಂಬಿರಲ್ಲ, ವಾಪಸ್ ಬರುವಷ್ಟರಲ್ಲಿ ತುಂಬಿರುತ್ತೆ. ಟಿಕೆಟ್ ಹೇಗೆ ಮಾಡಿಸೋದು ಮೇಡಂ?

ರನ್‌ವೇ ರಾಯ: ಎಲ್ಲರಿಗೂ ಉಪಯುಕ್ತ ಮಾಹಿತಿ, ಫಾರ್ವರ್ಡ್ ಆಗಿ ಬಂದಿದ್ದು 👇 "ಯಾವುದೇ ದೇಶದಲ್ಲಿ ವಿಮಾನ 2 ಗಂಟೆ ತಡವಾದರೆ ಟಿಕೆಟ್ ಹಣ ಪೂರ್ತಿ ವಾಪಸ್ + 600 ಯೂರೋ. ಕೌಂಟರ್‌ನಲ್ಲಿ 'ರೂಲ್ 240' ಅಂದರೆ ಸಾಕು, ಬೇರೆ ಏರ್‌ಲೈನಿನಲ್ಲಿ ಸೀಟ್ ಕೊಡಲೇಬೇಕು. 10 ಜನಕ್ಕೆ ಕಳಿಸಿ."

ಟಿಕೆಟಿಂಗ್ ಮೇಡಂ: ದಯವಿಟ್ಟು ಒಬ್ಬರಿಗೂ ಕಳಿಸಬೇಡಿ. ರೂಲ್ 240 ಅನ್ನೋದು ಅಮೆರಿಕದಲ್ಲಿ 1978ಕ್ಕೂ ಮುಂಚೆ, ಸರ್ಕಾರವೇ ದರ ನಿಯಂತ್ರಿಸುತ್ತಿದ್ದ ಕಾಲದ ದರಪಟ್ಟಿಯ ಕಲಮು. ಇವತ್ತು ಅದು ಯಾವ ದೇಶದ ಕಾನೂನೂ ಅಲ್ಲ. ತಡವಾಯಿತೆಂದು ಹಣ ವಾಪಸ್ ಕೇಳುವ ಹಕ್ಕು ಯೂರೋಪಿನಲ್ಲಿ 5 ಗಂಟೆಗೆ, ಅಮೆರಿಕದಲ್ಲಿ 2024ರ ನಿಯಮದಂತೆ ದೇಶದೊಳಗೆ 3, ಅಂತಾರಾಷ್ಟ್ರೀಯಕ್ಕೆ 6 ಗಂಟೆಗೆ. ಅದೂ ನೀವು ಪ್ರಯಾಣ ಕೈಬಿಟ್ಟರೆ ಮಾತ್ರ. ಹಾರಿ ಬಂದು ಆಮೇಲೆ ಟಿಕೆಟ್ ಹಣ ಕೇಳಿದರೆ ಸಿಗಲ್ಲ. ಅಮೆರಿಕದ ನಿಯಮದಲ್ಲಿ ತಡಕ್ಕೆಂದು ನಗದು ಪರಿಹಾರವೇ ಇಲ್ಲ.

ರನ್‌ವೇ ರಾಯ: ಬಂದಿದ್ದನ್ನ ಹಾಕ್ದೆ ಮೇಡಂ, ಕೋಪ ಯಾಕೆ.

ಗೇಟ್ 42: ಆರು ವಾರದ ಹಿಂದೆ ಏರ್‌ಲೈನ್ ವೇಳಾಪಟ್ಟಿ ಬದಲಿಸಿತು. ಟಿಕೆಟ್ ತಗೊಂಡ ಆ್ಯಪ್‌ನಲ್ಲಿ ಹೊಸ ವಿಮಾನ ಒಪ್ಪಿಕೊಂಡೆ. "ಕನ್ಫರ್ಮ್ಡ್" ಅಂತ ಇದೆ. ಆದರೆ ಏರ್‌ಲೈನ್ ಸೈಟಲ್ಲಿ ಸೀಟ್ ಆರಿಸೋಕೆ ಹೋದರೆ "ಟಿಕೆಟ್ ಸಿಗುತ್ತಿಲ್ಲ" ಅನ್ನುತ್ತೆ. ನಾಡಿದ್ದು ಪ್ರಯಾಣ.

ಟಿಕೆಟಿಂಗ್ ಮೇಡಂ: ಇದು ಇವತ್ತೇ ಆಗಬೇಕಾದ ಕೆಲಸ, ಎಲ್ಲ ಬಿಟ್ಟು ಫೋನ್ ಹಿಡೀರಿ. ಬುಕಿಂಗ್ ಬೇರೆ, ಟಿಕೆಟ್ ಬೇರೆ. ಪಿಎನ್‌ಆರ್ ಅಂದರೆ ಸೀಟ್ ಕಾದಿರಿಸಿದ ದಾಖಲೆ, ಆರು ಅಕ್ಷರ. ಟಿಕೆಟ್ ಅಂದರೆ ಹಣ ಸಂದ ದಾಖಲೆ, 13 ಅಂಕಿ, ಮೊದಲ ಮೂರು ಏರ್‌ಲೈನಿನ ಕೋಡ್. ಪ್ರತಿ ವಿಮಾನಕ್ಕೂ ಅದರೊಳಗೆ ಒಂದೊಂದು ಕೂಪನ್. ನೀವು ಬದಲಾವಣೆ ಒಪ್ಪಿದಾಗ ಪಿಎನ್‌ಆರ್‌ನಲ್ಲಿ ಹೊಸ ವಿಮಾನ ಕೂತಿದೆ, ಕೂಪನ್ ಮಾತ್ರ ಹಳೇ ವಿಮಾನಕ್ಕೇ ಅಂಟಿಕೊಂಡಿದೆ. ಆ್ಯಪ್‌ನವರು ರೀಇಶ್ಯೂ ಮಾಡಿಲ್ಲ, ಅಂದರೆ ಹೊಸ ವಿಮಾನಕ್ಕೆ ಟಿಕೆಟ್ ಮತ್ತೆ ಬರೆದುಕೊಟ್ಟಿಲ್ಲ. ಹೀಗೇ ಬಿಟ್ಟರೆ ಚೆಕ್-ಇನ್ ಕೌಂಟರ್‌ನಲ್ಲಿ "ಬುಕಿಂಗ್ ಇದೆ, ಟಿಕೆಟ್ ಇಲ್ಲ" ಅಂತಾರೆ, ಆಗ ಆ್ಯಪ್‌ನವರ ಫೋನ್ ಸಿಗಲ್ಲ.

ಆ್ಯಪ್‌ನವರಿಗೆ ಫೋನ್ ಮಾಡಿ "ಕನ್ಫರ್ಮ್ ಆಗಿದೆಯಾ" ಅಂತ ಕೇಳಬೇಡಿ, ಹೌದು ಅಂತಾರೆ. "ಟಿಕೆಟ್ ರೀಇಶ್ಯೂ ಆಗಿದೆಯಾ, ಹೊಸ 13 ಅಂಕಿ ಓದಿ" ಅನ್ನಿ. ಆಮೇಲೆ ಏರ್‌ಲೈನಿಗೆ ಫೋನ್ ಮಾಡಿ ಎರಡು ವಿಷಯ ಕೇಳಿ: ಕೂಪನ್ ಸ್ಥಿತಿ "ಓಪನ್ ಫಾರ್ ಯೂಸ್" ಇದೆಯಾ, ಅದರ ಮೇಲಿನ ವಿಮಾನ ಸಂಖ್ಯೆ ಮತ್ತು ದಿನಾಂಕ ಹೊಸದಾ. ಬದಲಾಯಿಸಿದ್ದು ಏರ್‌ಲೈನ್ ಆಗಿರೋದರಿಂದ ಇದು "ಇನ್‌ವಾಲಂಟರಿ" ರೀಇಶ್ಯೂ. ಬದಲಾವಣೆ ಶುಲ್ಕ, ದರದ ವ್ಯತ್ಯಾಸ ಅಂತ ಹಣ ಕೇಳಿದರೆ ನೀವೇ ಬದಲಾಯಿಸಿದ ಹಾಗೆ ನಮೂದಿಸಿದ್ದಾರೆ ಅಂತ ಅರ್ಥ, ತಿದ್ದಿಸಿ.

ಟ್ರಾಲಿ: ಎರಡು ಬೇರೆ ಬೇರೆ ಟಿಕೆಟ್, ನಡುವೆ ಎರಡೂವರೆ ಗಂಟೆ. ಮೊದಲನೇದು ತಡವಾದರೆ ಎರಡನೇ ಏರ್‌ಲೈನ್ ಮುಂದಿನ ವಿಮಾನ ಕೊಡುತ್ತಾ?

ಟಿಕೆಟಿಂಗ್ ಮೇಡಂ: ಕೊಡಬೇಕಾಗಿಲ್ಲ. ಅವರ ಪಾಲಿಗೆ ನೀವು ನೋ ಶೋ, ಅಂದರೆ ವಿಮಾನಕ್ಕೆ ಬಾರದ ಪ್ರಯಾಣಿಕ. ತಡ ಆಗ್ತಿದೆ ಅಂತ ಗೊತ್ತಾದ ಕೂಡಲೇ, ಎರಡನೇ ವಿಮಾನ ಹೊರಡುವ ಮುಂಚೆಯೇ, ಬದಲಾವಣೆ ಮಾಡಿಸಿ. ಹೊರಟ ಮೇಲೆ ಹೆಚ್ಚಿನ ಅಗ್ಗದ ಟಿಕೆಟ್‌ಗಳಲ್ಲಿ ಉಳಿಯೋದು ತೆರಿಗೆಯ ಭಾಗ ಮಾತ್ರ. ಬ್ಯಾಗ್ ಟ್ಯಾಗ್ ಮೇಲಿನ ಮೂರಕ್ಷರದ ಕೋಡ್ ನೋಡಿಕೊಳ್ಳಿ. ಅದು ನಡುವಿನ ನಿಲ್ದಾಣದ್ದಾಗಿದ್ದರೆ ಬ್ಯಾಗ್ ಇಳಿಸಿಕೊಂಡು ಮತ್ತೆ ಕೊಡಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಎರಡೂವರೆ ಗಂಟೆ ಸಾಲಲ್ಲ.

ಮೂರನೇ ಸಾಲು: ಕಿಟಕಿ ಸೀಟು ಅವರೇ, ಸುಮ್ನೆ ಆಸೆ ಇಟ್ಕೋಬೇಡಿ. ತಾಂತ್ರಿಕ ದೋಷ ಅಂದ್ಬಿಟ್ರೆ "ಅಸಾಧಾರಣ ಪರಿಸ್ಥಿತಿ" ಆಗುತ್ತೆ, ಒಂದು ಪೈಸೆ ಬರಲ್ಲ.

ಹ್ಯಾಂಡ್ ಲಗೇಜ್: ತಪ್ಪು. ತಾಂತ್ರಿಕ ದೋಷ ಅಸಾಧಾರಣ ಅಲ್ಲ.

ಮೂರನೇ ಸಾಲು: ಹಾರೋ ಸ್ಥಿತೀಲಿ ಇಲ್ಲದ ವಿಮಾನ ಹಾರಿಸಿ ಅಂತೀರಾ? ಸುರಕ್ಷತೆಗೆ ನಿಲ್ಲಿಸಿದ್ದಕ್ಕೆ ದಂಡ ಹಾಕ್ಬೇಕಾ?

ಹ್ಯಾಂಡ್ ಲಗೇಜ್: ಯಾರು ಹಾಗಂದಿದ್ದು? ನಿಲ್ಲಿಸಲಿ, ದುಡ್ಡೂ ಕೊಡಲಿ. ನೀವು ಏರ್‌ಲೈನ್ ವಕೀಲರಾ?

ಮೂರನೇ ಸಾಲು: ನೀವು ಹೆಸರಿನ ಸ್ಪೆಲಿಂಗ್ ಸರಿ ಮಾಡ್ಕೊಳ್ಳಿ ಮೊದಲು.

ಟಿಕೆಟಿಂಗ್ ಮೇಡಂ: ಇಬ್ಬರೂ ಅರ್ಧರ್ಧ ಸರಿ. ಸವೆತದಿಂದ, ನಿರ್ವಹಣೆಯಲ್ಲಿ ಕಂಡುಬಂದ, ಅಥವಾ ಆಯಸ್ಸು ಮುಗಿಯೋ ಮುಂಚೆ ಕೆಟ್ಟ ಭಾಗದಿಂದ ತಡವಾದರೆ ಅದು ಏರ್‌ಲೈನಿನ ದಿನನಿತ್ಯದ ಕೆಲಸದ ಭಾಗ, 2008 ಮತ್ತು 2015ರ ತೀರ್ಪುಗಳು ಹಾಗೇ ಹೇಳ್ತವೆ. ಹಕ್ಕಿ ಬಡಿದರೆ ಅಸಾಧಾರಣ. ರನ್‌ವೇ ಮೇಲಿನ ಮೊಳೆ ಚುಚ್ಚಿ ಟೈರ್ ಹೋದರೂ ಅಸಾಧಾರಣ. ಏರ್‌ಲೈನಿನ ಸ್ವಂತ ಪೈಲಟ್‌ಗಳು ಸಂಬಳಕ್ಕಾಗಿ ಮುಷ್ಕರ ಹೂಡಿದರೆ ಅಲ್ಲ, ಅದು 2021ರ ತೀರ್ಪು. ಕಾರಣ ಸಾಬೀತು ಮಾಡೋ ಹೊಣೆ ಏರ್‌ಲೈನಿನದು. ಅಸಾಧಾರಣವೇ ಆದರೂ ಊಟ, ಹೋಟೆಲ್ ತಪ್ಪಲ್ಲ. ಕಿಟಕಿ ಸೀಟು ಅವರ ಪತ್ರದಲ್ಲಿ ಅಸಾಧಾರಣ ಅನ್ನೋ ಮಾತೇ ಇಲ್ಲ, ಅದನ್ನು ನೀವು ಅವರ ಪರವಾಗಿ ಹುಟ್ಟಿಸಬೇಡಿ.

ಲೇಟ್ ಲತೀಫ್: ಮೇಡಂ 2 ಗಂಟೆ ತಡ ಆದ್ರೆ ಪೂರ್ತಿ ಹಣ ಬರುತ್ತಂತೆ ನಿಜಾನಾ?

ಟಿಕೆಟಿಂಗ್ ಮೇಡಂ: ಇಲ್ಲ. ಮೇಲೆ ಓದಿ.

ಚೆಕ್-ಇನ್ ಚೆಲುವ: ಬ್ಯಾಗ್ ನಾಲ್ಕು ದಿನ ತಡವಾಗಿ ಬಂತು, ಬಟ್ಟೆ ಕೊಂಡ ಬಿಲ್ ಇದೆ. ಅಂತಾರಾಷ್ಟ್ರೀಯ ಪ್ರಯಾಣ.

ಟಿಕೆಟಿಂಗ್ ಮೇಡಂ: ನಿಲ್ದಾಣದಲ್ಲಿ ಬರೆಸಿದ ಪಿಐಆರ್ ಇದೆ ತಾನೆ? ಅದು ದೂರಿನ ನೋಂದಣಿ ಅಷ್ಟೆ, ಕ್ಲೇಮ್ ಅಲ್ಲ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಕೈಗೆ ಬಂದ ದಿನದಿಂದ 21 ದಿನದೊಳಗೆ ಲಿಖಿತ ಬೇಡಿಕೆ ಹೋಗಬೇಕು. ಒಡೆದು ಹಾಳಾಗಿದ್ದರೆ 7 ದಿನ ಮಾತ್ರ. ಬ್ಯಾಗಿನ ವಿಷಯದಲ್ಲಿ ಒಬ್ಬ ಪ್ರಯಾಣಿಕರಿಗೆ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣದ ಘಟಕ). ಅದು ಮಿತಿ, ನಿಗದಿತ ಮೊತ್ತ ಅಲ್ಲ. ಬಿಲ್ ಎಷ್ಟಿದೆಯೋ ಅಷ್ಟಕ್ಕೇ ಕೇಳಿ.

ಅರ್ಧ ಟಿಕೆಟ್: ಮೇಡಂ, ಮಗುವಿನ ಟಿಕೆಟ್?

ರನ್‌ವೇ ರಾಯ: ಇನ್ನೊಂದು ಟಿಪ್. ನೇರ ವಿಮಾನ ದುಬಾರಿ ಇದ್ದರೆ ಬೇರೆ ಊರಿಂದ ಶುರುವಾಗೋ ಕನೆಕ್ಷನ್ ಟಿಕೆಟ್ ತಗೊಂಡು, ಮೊದಲ ವಿಮಾನ ಬಿಟ್ಟು ನಡುವಿನ ನಿಲ್ದಾಣದಲ್ಲಿ ಹತ್ತಿ. ಅರ್ಧಕ್ಕರ್ಧ ಉಳಿತಾಯ.

ಟಿಕೆಟಿಂಗ್ ಮೇಡಂ: ಮೊದಲ ಕೂಪನ್ ಬಳಸದಿದ್ದರೆ ಮುಂದಿನದೆಲ್ಲ, ವಾಪಸ್ ಬರೋದೂ ಸೇರಿ, ತಾನಾಗೇ ರದ್ದಾಗುತ್ತೆ. ಕೂಪನ್‌ಗಳನ್ನು ಕ್ರಮವಾಗಿ ಬಳಸಬೇಕು. ಇದನ್ನು ನಂಬಿ ಯಾರಾದರೂ ಗೇಟಿನ ಮುಂದೆ ನಿಂತು ಅಳಬೇಕಾಗುತ್ತೆ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರ ಬರೆಯಲ್ಲ.

ರನ್‌ವೇ ರಾಯ: ಸರಿ ಸರಿ, ಜ್ಞಾನ ಎಲ್ಲ ನಿಮ್ಮದೇ.

ಅಡ್ಮಿನ್: ರಾಯರೇ, ಸಾಕು.

ಮೂರನೇ ಸಾಲು: ಭಾರತದೊಳಗಿನ ವಿಮಾನ ಐದು ದಿನ ಮುಂಚೆ ರದ್ದಾಯಿತು. 10,000 ಸಿಗುತ್ತೆ ಅಂತಾರೆ.

ಟಿಕೆಟಿಂಗ್ ಮೇಡಂ: ಐದು ದಿನ ಮುಂಚೆ ನಿಮಗೆ ತಿಳಿಸಿದ್ದರೆ ಬೇರೆ ವಿಮಾನ ಅಥವಾ ರೀಫಂಡ್, ಅಷ್ಟೆ. ಪರಿಹಾರ ಇಲ್ಲ. 10,000 ಅನ್ನೋದೂ ಗರಿಷ್ಠ ಹಂತ, ಮೂಲ ದರ ಮತ್ತು ಇಂಧನ ಶುಲ್ಕ ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆಯೇ ಲೆಕ್ಕ.

ಮೂರನೇ ಸಾಲು: ಅಂದರೆ ಯೂರೋಪಿನವರಿಗೊಂದು ನ್ಯಾಯ, ನಮಗೊಂದು.

ಟ್ರಾಲಿ: ಪಾಸ್‌ಪೋರ್ಟ್ ನೋಡಿ ಅಲ್ಲ ಸ್ವಾಮಿ, ವಿಮಾನ ಎಲ್ಲಿಂದ ಹೊರಟಿತು ಅನ್ನೋದು ನೋಡಿ. ಕಿಟಕಿ ಸೀಟು ಅವರೂ ನಮ್ಮವರೇ.

ಕಿಟಕಿ ಸೀಟು: ಸಿಕ್ಕಿತು ಮೇಡಂ! ಕರೆದೊಯ್ಯೋಕೆ ಬಂದವರಿಗೆ ವಿಮಾನದೊಳಗಿಂದ ಮೆಸೇಜ್ ಮಾಡಿದ್ದೆ. 12:36: "ಇಳೀತು, ಇನ್ನೂ ಓಡ್ತಾ ಇದೆ". 12:42: "ನಿಂತಿದೆ, ಎಲ್ಲರೂ ಎದ್ದು ನಿಂತಿದ್ದಾರೆ, ಬಾಗಿಲು ತೆಗೆದಿಲ್ಲ". ಆಮೇಲಿನದು 12:51, "ಇಮಿಗ್ರೇಶನ್ ಕಡೆ ಬರ್ತಿದ್ದೀನಿ".

ಟಿಕೆಟಿಂಗ್ ಮೇಡಂ: 12:42ಕ್ಕೆ ಬಾಗಿಲು ಮುಚ್ಚಿತ್ತು ಅಂದರೆ ನಾಲ್ಕು ಗಂಟೆ ದಾಟಿದೆ. 600 ಕೇಳಿ. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ ಕಾಣಬೇಕು. ಸಮಯ ಸಿಂಗಪುರದ್ದೇ ಅಂತ ಖಚಿತ ಮಾಡಿಕೊಳ್ಳಿ, ಫೋನ್ ಇನ್ನೂ ಗಲ್ಫ್ ಗಡಿಯಾರದಲ್ಲಿದ್ದರೆ ಲೆಕ್ಕ ಕೆಡುತ್ತೆ.

ಪತ್ರ ಒಂದು ಪುಟ ಮೀರದಿರಲಿ. ಬುಕಿಂಗ್ ಒಂದೇ ಎಂಬುದು, ಎರಡೂ ವಿಮಾನ ಸಂಖ್ಯೆ, ನಿಗದಿತ ಆಗಮನ 8:40, ಬಾಗಿಲು 12:42ಕ್ಕೂ ತೆರೆದಿರಲಿಲ್ಲ, 261/2004ರ 7ನೇ ವಿಧಿಯಡಿ 600 ಯೂರೋ, ಬ್ಯಾಂಕ್ ಖಾತೆ ವಿವರ, ಉತ್ತರಕ್ಕೆ ಒಂದು ಗಡುವು ದಿನಾಂಕ. ಬಾಗಿಲು ತೆರೆದ ಸಮಯದ ನಿಮ್ಮ ದಾಖಲೆ ಕೊಡಿ ಅಂತಲೂ ಕೇಳಿ. ನಿಮ್ಮ ಬೇಸರ, ಊಟದ ರುಚಿ, ಸಿಬ್ಬಂದಿಯ ಮುಖಭಾವ ಯಾವುದೂ ಬೇಡ. ಮೊದಲ ಉತ್ತರ ಮತ್ತೆ ಅದೇ ನಿರಾಕರಣೆ ಆಗಿರುತ್ತೆ, ಗಾಬರಿಯಾಗಬೇಡಿ. ಹೊರಟ ಊರು ಜರ್ಮನಿಯಲ್ಲಿರುವುದರಿಂದ ಅಲ್ಲಿನ ನ್ಯಾಯಾಲಯದಲ್ಲಿ ಕೇಳಬಹುದು. ಕಾಲಮಿತಿ ಪ್ರಯಾಣ ಮಾಡಿದ ವರ್ಷದ ಕೊನೆಯಿಂದ ಮೂರು ವರ್ಷ.

ಹ್ಯಾಂಡ್ ಲಗೇಜ್: ಕಮಿಷನ್ ಮೇಲೆ ಕ್ಲೇಮ್ ಮಾಡಿಕೊಡೋ ಕಂಪನಿಗೆ ಕೊಟ್ಟುಬಿಡಲಿ ಅಲ್ವಾ?

ಟಿಕೆಟಿಂಗ್ ಮೇಡಂ: ಮೊದಲ ಪತ್ರ ತಾವೇ ಬರೆಯಲಿ. ಅಷ್ಟಕ್ಕೇ ಹಣ ಬಂದರೆ ಕಮಿಷನ್ ಉಳಿಯುತ್ತೆ. ಕೋರ್ಟ್ ಮೆಟ್ಟಿಲು ಹತ್ತಬೇಕಾದಾಗ ಆ ಯೋಚನೆ.

ಗೇಟ್ 42: ಮೇಡಂ, ಹೊಸ 13 ಅಂಕಿ ಓದಿದರು. ಹೋಗೋ ಕೂಪನ್ ಸರಿ ಇದೆ. ವಾಪಸ್ ಬರೋದರಲ್ಲಿ ಇನ್ನೂ ಹಳೇ ವಿಮಾನ ಸಂಖ್ಯೆ ಇದೆಯಂತೆ, "ಅದು ಆಮೇಲೆ ನೋಡೋಣ" ಅಂದರು.

ಟಿಕೆಟಿಂಗ್ ಮೇಡಂ: ಆಮೇಲೆ ಬೇಡ. ಹೊರಡುವ ಮುಂಚೆ ಅದೂ ಸರಿಯಾಗಲಿ. ಫೋನ್ ಇಡಬೇಡಿ.

ಅರ್ಧ ಟಿಕೆಟ್: ಮೂರನೇ ಸಲ ಕೇಳ್ತಿದ್ದೀನಿ.

ಲೇಟ್ ಲತೀಫ್: ಮೇಲೆ ಅಂದ್ರೆ ಎಲ್ಲಿ ಓದೋದು?